ಚುಕ್ಕಾಣಿಯ ನುಡಿಗಳು: ಬಂದರಿನಿಂದ ಗಣಕಲೋಕಕ್ಕೆ ಬಂದ ಪದಗಳ ಚರಿತ್ರೆ

ನೆದರ್ಲೆಂಡ್ಸ್ ದೇಶಕ್ಕೂ ನೀರಿಗೂ ಇರುವ ನಂಟು ಲೋಕವಿದಿತವಾದದ್ದು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲವನ್ನು ಏರಿಗಳ ಆಸರೆಯಿಂದ ಉಳಿಸಿಕೊಂಡು, ಅದೇ ನೀರಿನ ಮೇಲೆ ಹಡಗು ನಡೆಸಿ ಸಂಪತ್ತನ್ನು ಗಳಿಸಿದ ಜನರು ಇವರು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಕರಾವಳಿಯ ಬಸರೂರಿನಲ್ಲಿಯೂ ಇವರ ವ್ಯಾಪಾರದ ಕೋಠಿಯಿದ್ದಿತು. ಇವರು ಲೋಕಕ್ಕೆ ಕೊಟ್ಟ ಕೊಡುಗೆಗಳಲ್ಲಿ ನಾವಿಕರ ಶಬ್ದಭಂಡಾರವೂ ಒಂದು. ಇಂಗ್ಲಿಷಿನವರು ಹಡಗಿನ ಯಜಮಾನನನ್ನು ‘ಸ್ಕಿಪ್ಪರ್’ ಎಂದು ಕರೆಯುವುದು ಡಚ್ಚರ ‘ಸ್ಖಿಪ್ಪರ್’ ಎಂಬ ಮಾತಿನಿಂದ. ‘ಡೆಕ್’, ‘ಡಾಕ್’, ‘ಯಾಟ್’ ಎಂಬ ಪದಗಳ ಬೇರೂ ಇಲ್ಲಿಯದೇ. ಕಛೇರಿಯಲ್ಲಿ ನಮ್ಮವರು ದಿನವೂ ನೆನೆಯುವ ‘ಬಾಸ್’ ಕೂಡ ಡಚ್ ಮೂಲದವನು!

ಇಂದು ಈ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ತರುಣ ತರುಣಿಯರಲ್ಲಿ ಅನೇಕರು ಗಣಕೋದ್ಯಮದಲ್ಲಿ ದುಡಿಯುತ್ತಿದ್ದಾರೆ. ಊಟಕ್ಕೆ ಕುಳಿತಾಗಲೂ ಅವರ ಬಾಯಲ್ಲಿ “ಪಾಡ್ ಸತ್ತಿತು”, “ನೋಡ್ ಖಾಲಿ ಮಾಡಿದೆವು”, “ಕ್ಲಸ್ಟರಿನಲ್ಲಿ ಕೋರಂ ಹೋಯಿತು” ಎಂಬ ಮಾತುಗಳು ಕೇಳಿಬರುತ್ತವೆ. ಊರಿನಿಂದ ಬಂದ ಅತ್ತೆ ಮಾವಂದಿರು ಯಾರು ಸತ್ತರೆಂದು ಗಾಬರಿಯಾಗುವುದೂ ಉಂಟು. ಈ ಪದಗಳೆಲ್ಲ ನಿನ್ನೆ ಮೊನ್ನೆ ಹುಟ್ಟಿದವು, ತಂತ್ರಜ್ಞರಿಗೆ ಮಾತ್ರ ಸೇರಿದವು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಇವುಗಳ ಬೆನ್ನು ಹತ್ತಿ ಹೋದರೆ ಗ್ರೀಕರ ಹಡಗು, ರಾಟರ್‌ಡ್ಯಾಮಿನ ಬಂದರು, ಐಂಡ್‌ಹೋವನ್ನಿನ ಒಂದು ವಿದ್ಯಾಲಯ ಎದುರಾಗುತ್ತವೆ. ಜೊತೆಗೆ, ಒಂದು ಭಾಷೆ ಹೊಸ ಜ್ಞಾನವನ್ನು ಹೇಗೆ ತನ್ನದಾಗಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ಆ ಪ್ರಶ್ನೆ ಕನ್ನಡಿಗರಾದ ನಮ್ಮದು.

ಪದ ಕಟ್ಟಿದ ಸ್ಟೆವಿನ್

ಸೈಮನ್ ಸ್ಟೆವಿನ್ ೧೫೪೮ರಲ್ಲಿ ಬ್ರೂಗ್ ನಗರದಲ್ಲಿ ಜನಿಸಿದನು. ವಿದ್ವಾಂಸರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಆ ಕಾಲದಲ್ಲಿ ಆತ ಹಟತೊಟ್ಟು ತನ್ನ ಆಡುನುಡಿಯಲ್ಲಿ ಗಣಿತವನ್ನು ಬರೆದನು. ೧೫೮೫ರಲ್ಲಿ ಪ್ರಕಟವಾದ ಅವನ ‘ಡಿ ಥೀಂಡೆ’ ಎಂಬ ಕಿರುಹೊತ್ತಗೆ ಯೂರೋಪಿನ ವರ್ತಕರಿಗೆ ದಶಮಾಂಶದ ಲೆಕ್ಕವನ್ನು ಕಲಿಸಿತು. ೧೫೯೯ರಲ್ಲಿ ನಾವಿಕರು ಬಂದರನ್ನು ಕಂಡುಕೊಳ್ಳುವ ಬಗೆಯನ್ನು ಕುರಿತು ‘ಡಿ ಹಾವನ್‌ಫಿಂಡಿಂಗ್’ ಎಂಬ ಗ್ರಂಥವನ್ನು ಹೊರತಂದನು. ೧೬೦೦ರಲ್ಲಿ ಲೈಡನ್ ನಗರದಲ್ಲಿ ಎಂಜಿನಿಯರುಗಳಿಗಾಗಿ ಶಾಲೆಯೊಂದು ಆರಂಭವಾದಾಗ ಅದರ ಪಾಠಕ್ರಮವನ್ನು ರೂಪಿಸಿದವನೂ ಅವನೇ. ಅಲ್ಲಿ ಬೋಧನೆ ನಡೆದದ್ದು ಡಚ್ ಭಾಷೆಯಲ್ಲಿ.

ಯೂರೋಪಿನ ಬಹುತೇಕ ಭಾಷೆಗಳು ಗಣಿತವನ್ನು ‘ಮ್ಯಾಥಮ್ಯಾಟಿಕ್ಸ್’ ಎಂಬ ಗ್ರೀಕ್ ಪದದ ರೂಪಾಂತರದಿಂದ ಕರೆಯುತ್ತವೆ. ಡಚ್ಚರು ಮಾತ್ರ ‘ವಿಸ್‌ಕುಂಡೆ’ ಎನ್ನುತ್ತಾರೆ. ‘ನಿಶ್ಚಿತವಾದುದರ ವಿದ್ಯೆ’ ಎಂದು ಅದರ ಅರ್ಥ. ಇದು ಸ್ಟೆವಿನ್ನನ ಟಂಕಸಾಲೆಯಿಂದ ಹೊರಟ ನಾಣ್ಯ. ನಾನೂರು ವರ್ಷಗಳ ನಂತರ ಈ ನಾಡಿನ ಶಾಲೆಗೆ ಹೋಗುವ ನಮ್ಮ ಮಕ್ಕಳ ವೇಳಾಪಟ್ಟಿಯಲ್ಲಿ ಆ ನಾಣ್ಯ ಇಂದಿಗೂ ಚಲಾವಣೆಯಲ್ಲಿದೆ.

ನಮ್ಮಲ್ಲಿಯೂ ಇಂತಹ ಸಾಹಸಿಗಳು ಇರಲಿಲ್ಲವೆಂದಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಪಾರಿಭಾಷಿಕ ಪದಗಳನ್ನು ಒಂದೊಂದಾಗಿ ಕಟ್ಟಿದರು. ಪತ್ರಿಕೆ ಎರಡು ವರ್ಷಗಳಲ್ಲಿ ನಿಂತುಹೋಯಿತು. ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂಲಕ ಮಕ್ಕಳಿಗೆ ಜಗತ್ತಿನ ಅರಿವನ್ನೆಲ್ಲ ಕನ್ನಡದಲ್ಲಿ ಉಣಬಡಿಸಿದರು. ಬೀಜ ಬಿತ್ತುವವರು ನಮ್ಮಲ್ಲಿದ್ದರು. ನೀರೆರೆಯುವವರ ಸಂಖ್ಯೆ ಕಡಿಮೆಯಾಯಿತು.

ಎರಡು ಡಚ್ ಅಕ್ಷರಗಳು

ಇಪ್ಪತ್ತನೆಯ ಶತಮಾನಕ್ಕೆ ಬರೋಣ. ರಾಟರ್‌ಡ್ಯಾಮಿನಲ್ಲಿ ೧೯೩೦ರಲ್ಲಿ ಜನಿಸಿದ ಎಡ್ಸ್‌ಖರ್ ಡೈಕ್‌ಸ್ಟ್ರಾ ಅವರು ಆಮ್‌ಸ್ಟರ್‌ಡ್ಯಾಮಿನ ಗಣಿತಕೇಂದ್ರದಲ್ಲಿ ಗಣಕಗಳಿಗೆ ಕ್ರಮವಿಧಿ ಬರೆಯುವ ವೃತ್ತಿಯನ್ನು ಹಿಡಿದರು. ೧೯೫೭ರಲ್ಲಿ ಅವರ ಮದುವೆಯಾದಾಗ ವೃತ್ತಿಯ ಕಲಮಿನಲ್ಲಿ ‘ಪ್ರೋಗ್ರಾಮರ್’ ಎಂದು ಬರೆಯಲು ನಗರಾಡಳಿತ ಒಪ್ಪಲಿಲ್ಲವಂತೆ. ಅಂತಹ ಉದ್ಯೋಗವೇ ಇಲ್ಲವೆಂದು ಹೇಳಿ, ‘ಸೈದ್ಧಾಂತಿಕ ಭೌತವಿಜ್ಞಾನಿ’ ಎಂದು ದಾಖಲಿಸಿದರೆಂದು ಅವರೇ ಹೇಳಿಕೊಂಡಿದ್ದಾರೆ.

೧೯೬೨ರಲ್ಲಿ ಅವರು ಐಂಡ್‌ಹೋವನ್ನಿನ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ಎಲೆಕ್ಟ್ರೊಲಾಜಿಕಾ ಎಕ್ಸ್೮ ಎಂಬ ಡಚ್ ಗಣಕದ ಮೇಲೆ, ಒಂದೇ ಯಂತ್ರ ಹಲವು ಕೆಲಸಗಳನ್ನು ಜೊತೆಜೊತೆಗೆ ನಡೆಸುವ ವ್ಯವಸ್ಥೆಯೊಂದನ್ನು ತಮ್ಮ ಬಳಗದೊಡನೆ ನಿರ್ಮಿಸಿ, ೧೯೬೮ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಹಲವು ಕೆಲಸಗಳು ಒಂದೇ ಸಾಧನಕ್ಕಾಗಿ ಏಕಕಾಲಕ್ಕೆ ಕೈಚಾಚಿದರೆ ಆಗುವ ಅನಾಹುತವನ್ನು ತಡೆಯುವುದು ಹೇಗೆ? ಡೈಕ್‌ಸ್ಟ್ರಾ ಅವರಿಗೆ ಹೊಳೆದದ್ದು ರೈಲ್ವೆಯ ಕೈಮರ. ಒಂದೇ ಹಳಿಯ ಮೇಲೆ ಎರಡು ರೈಲು ಬರದಂತೆ ಕೈಮರ ಕಾಯುವಂತೆ, ಒಂದು ಎಣಿಕೆ ಆ ಸಾಧನವನ್ನು ಕಾಯುತ್ತದೆ. ಒಳಹೋಗುವವನು ಎಣಿಕೆಯನ್ನು ಒಂದು ಇಳಿಸಬೇಕು, ಹೊರಬರುವವನು ಒಂದು ಏರಿಸಬೇಕು. ಎಣಿಕೆ ಸೊನ್ನೆಯಾಗಿದ್ದರೆ ಹೊಸಬನು ಕಾಯಬೇಕು. ಡಚ್ಚಿನಲ್ಲಿ ‘ಸೈನ್‌ಪಾಲ್’ ಎಂದು ಅವರು ಬರೆದದ್ದು ಇಂಗ್ಲಿಷಿನಲ್ಲಿ ‘ಸೆಮಾಫೋರ್’ ಆಯಿತು.

ಆ ಎರಡು ಕ್ರಿಯೆಗಳಿಗೆ ಅವರು ಇಟ್ಟ ಹೆಸರು ‘ಪಿ’ ಮತ್ತು ‘ವಿ’. ಏರಿಸುವುದಕ್ಕೆ ಡಚ್ಚಿನಲ್ಲಿ ‘ಫರ್‌ಹೋಖನ್’; ಅದರ ಮೊದಲಕ್ಷರ ‘ವಿ’. ಆದರೆ ಇಳಿಸುವುದಕ್ಕೆ ಇರುವ ‘ಫರ್‌ಲಾಖನ್’ ಎಂಬ ಮಾತೂ ಅದೇ ಅಕ್ಷರದಿಂದ ಆರಂಭವಾಗುತ್ತದೆ. ಆದ್ದರಿಂದ ‘ಇಳಿಸಲು ಯತ್ನಿಸು’ ಎಂಬರ್ಥದಲ್ಲಿ ‘ಪ್ರೊಲಾಖ್’ ಎಂಬ ಹೊಸ ಪದವನ್ನೇ ಹೊಸೆದರು. ಈ ಎರಡು ಅಕ್ಷರಗಳು ಹಾಗೆಯೇ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿದವು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ನಮ್ಮ ಮಕ್ಕಳು ‘ಪಿ’, ‘ವಿ’ ಎಂದು ಬಾಯಿಪಾಠ ಮಾಡಿದಾಗ, ಅರಿವಿಲ್ಲದೆಯೇ ಎರಡು ಡಚ್ ಮಾತುಗಳನ್ನು ಉಚ್ಚರಿಸಿದ್ದರು.

ಡಚ್ ಮಾತೃಭಾಷೆಯಾಗಿರುವವರು ಸುಮಾರು ಎರಡೂವರೆ ಕೋಟಿ ಜನ. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಕನ್ನಡವನ್ನು ಮಾತೃಭಾಷೆಯಾಗಿ ನಮೂದಿಸಿದವರು ಸುಮಾರು ೪.೩೭ ಕೋಟಿ. ಸಂಖ್ಯೆಯ ಬಲದಿಂದ ಮಾತ್ರ ಭಾಷೆಗೆ ಅಂತಹ ಭಾಗ್ಯ ಒದಗುವುದಾಗಿದ್ದರೆ ಅದು ನಮಗೆ ಎಂದೋ ಒದಗಬೇಕಾಗಿತ್ತು. ಡೈಕ್‌ಸ್ಟ್ರಾ ಅವರು ಈ ವಿಷಯದ ಮೊದಲ ಟಿಪ್ಪಣಿಗಳನ್ನು ತಮ್ಮ ತಾಯ್ನುಡಿಯಲ್ಲಿ ಬರೆದಿದ್ದರು. ಮೊದಲ ಆಲೋಚನೆ ಯಾವ ನುಡಿಯಲ್ಲಿ ನಡೆಯಿತೋ ಆ ನುಡಿಯ ಗುರುತು ಪದದಲ್ಲಿ ಉಳಿಯಿತು.

ಒಂದು ಯಂತ್ರದೊಳಗೆ ಹಲವು ಯಂತ್ರ

ಅದೇ ಕಾಲದಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ಹಾದಿ ಹಿಡಿದಿದ್ದರು. ದುಬಾರಿಯಾದ ಒಂದು ಗಣಕವನ್ನು ಹಲವರು ಬಳಸುವಾಗ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎಂಬಂತೆ ತೋರಬೇಕು ಎಂಬುದು ಅವರ ಬಯಕೆ. ೧೯೬೭ರಲ್ಲಿ ಸಿಪಿ-೪೦ ಎಂಬ ವ್ಯವಸ್ಥೆ ಇದನ್ನು ಸಾಧಿಸಿ ತೋರಿಸಿತು. ೧೯೭೨ರಲ್ಲಿ ವಿಎಂ/೩೭೦ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಗಣಕದ ಮುಖ್ಯ ನಿಯಂತ್ರಕ ತಂತ್ರಾಂಶಕ್ಕೆ ಆಗ ‘ಸೂಪರ್‌ವೈಸರ್’ ಎಂಬ ಹೆಸರಿದ್ದಿತು. ಅಂತಹ ಮೇಲ್ವಿಚಾರಕರ ಮೇಲೂ ಕಣ್ಣಿಡುವುದಕ್ಕೆ ಇನ್ನೂ ದೊಡ್ಡ ಹೆಸರು ಬೇಕಾಯಿತು. ‘ಸೂಪರ್’ಗಿಂತ ಮಿಗಿಲಾದುದು ‘ಹೈಪರ್’; ಹೀಗೆ ‘ಹೈಪರ್‌ವೈಸರ್’ ಹುಟ್ಟಿತು. ೧೯೯೮ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ ಈ ವಿದ್ಯೆಯನ್ನು ಸಾಮಾನ್ಯ ಗಣಕಗಳಿಗೆ ತಂದಿತು. ೨೦೦೭ರಲ್ಲಿ ಕೆವಿಎಂ ಎಂಬ ಸೌಲಭ್ಯ ಲಿನಕ್ಸಿನ ಒಡಲಿಗೇ ಸೇರಿತು.

ಇಲ್ಲಿ ‘ವರ್ಚುಯಲ್’ ಎಂಬ ಪದದ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಇದನ್ನು ‘ಮಿಥ್ಯಾ’, ‘ಕಾಲ್ಪನಿಕ’ ಎಂದು ಅನುವಾದಿಸುವವರುಂಟು. ಆದರೆ ವರ್ಚುಯಲ್ ಯಂತ್ರ ಸುಳ್ಳಲ್ಲ. ಅದು ಲೆಕ್ಕ ಮಾಡುತ್ತದೆ, ದಾಖಲೆ ಇಡುತ್ತದೆ, ಕೆಟ್ಟರೆ ನಷ್ಟವನ್ನೂ ಉಂಟುಮಾಡುತ್ತದೆ. ಶೃಂಗೇರಿಯ ಪರಂಪರೆಯನ್ನು ಬಲ್ಲ ನಮ್ಮ ನಾಡಿಗೆ ಇದಕ್ಕಿಂತ ತಕ್ಕ ಮಾತು ಗೊತ್ತಿದೆ. ಪರಮಾರ್ಥದಲ್ಲಿ ಬೇರೆಯಾಗಿ ಇಲ್ಲದಿದ್ದರೂ ವ್ಯವಹಾರದಲ್ಲಿ ನಿಜವಾಗಿ ನಡೆಯುವುದನ್ನು ವೇದಾಂತಿಗಳು ‘ವ್ಯಾವಹಾರಿಕ ಸತ್ಯ’ ಎಂದರು. ವರ್ಚುಯಲ್ ಯಂತ್ರವನ್ನು ‘ವ್ಯಾವಹಾರಿಕ ಯಂತ್ರ’ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು ಎಂಬುದು ನನ್ನ ನಮ್ರ ಸೂಚನೆ.

ಪೆಟ್ಟಿಗೆಯ ಪಯಣ

೧೯೫೬ರ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕೆಯ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ೫೮ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಮಾಲ್ಕಮ್ ಮೆಕ್‌ಲೀನ್ ಎಂಬ ಸಾರಿಗೆ ಉದ್ಯಮಿಯ ಯೋಚನೆ ಸರಳವಾದದ್ದು: ಮೂಟೆ, ಪೀಪಾಯಿ, ಬುಟ್ಟಿಗಳನ್ನು ಬಿಡಿಬಿಡಿಯಾಗಿ ಏರಿಸಿ ಇಳಿಸುವ ಬದಲು ಎಲ್ಲವನ್ನೂ ಒಂದೇ ಅಳತೆಯ ಪೆಟ್ಟಿಗೆಯಲ್ಲಿ ತುಂಬಿಸಿದರೆ, ಒಳಗೇನಿದೆಯೆಂಬ ಚಿಂತೆ ಕ್ರೇನಿಗೆ ಬೇಡ. ಹತ್ತು ವರ್ಷಗಳ ನಂತರ, ೧೯೬೬ರ ಮೇ ತಿಂಗಳಲ್ಲಿ ‘ಫೇರ್‌ಲೆಂಡ್’ ಹಡಗು ಅಂತಹ ಪೆಟ್ಟಿಗೆಗಳನ್ನು ರಾಟರ್‌ಡ್ಯಾಮಿಗೆ ತಂದಿತು. ಆಗಲೇ ಜಗತ್ತಿನ ಅತ್ಯಂತ ದೊಡ್ಡ ಬಂದರೆನಿಸಿದ್ದ ರಾಟರ್‌ಡ್ಯಾಮ್ ಆ ಪಟ್ಟವನ್ನು ೨೦೦೪ರವರೆಗೆ ಉಳಿಸಿಕೊಂಡಿತು. ಇಂದಿಗೂ ಅದು ಯೂರೋಪಿನಲ್ಲಿ ಮೊದಲನೆಯದು.

ಗಣಕದಲ್ಲಿಯೂ ಇದೇ ಕಥೆ ಮರುಕಳಿಸಿತು. ಆಮ್‌ಸ್ಟರ್‌ಡ್ಯಾಮಿನ ಫ್ರೈ ವಿಶ್ವವಿದ್ಯಾಲಯದ ಆಂಡ್ರೂ ಟಾನನ್‌ಬಾಮ್ ಅವರು ೧೯೮೭ರಲ್ಲಿ ವಿದ್ಯಾರ್ಥಿಗಳಿಗಾಗಿ ‘ಮಿನಿಕ್ಸ್’ ಎಂಬ ಪುಟ್ಟ ಕಾರ್ಯವ್ಯವಸ್ಥೆಯನ್ನು ಬರೆದರು. ಅದನ್ನು ಬಳಸುತ್ತಲೇ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸನ್ನು ಆರಂಭಿಸಿದರು. ಆ ಲಿನಕ್ಸಿನೊಳಗೆ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಕೋಣೆಯನ್ನೂ ಪಡಿತರವನ್ನೂ ಗೊತ್ತುಪಡಿಸುವ ಸೌಲಭ್ಯಗಳು ಕ್ರಮೇಣ ಸೇರಿದವು. ೨೦೧೩ರಲ್ಲಿ ಸಾಲೊಮನ್ ಹೈಕ್ಸ್ ಇವುಗಳನ್ನು ಸುಲಭವಾಗಿ ಬಳಸುವ ಸಾಧನವನ್ನು ಲೋಕದ ಮುಂದಿಟ್ಟು ‘ಡಾಕರ್’ ಎಂದು ಕರೆದರು. ಎಂದರೆ ಬಂದರಿನ ಹಮಾಲಿ. ಬೆನ್ನ ಮೇಲೆ ಪೆಟ್ಟಿಗೆಗಳನ್ನು ಹೊತ್ತ ತಿಮಿಂಗಿಲವೇ ಅದರ ಲಾಂಛನ.

ವರ್ಚುಯಲ್ ಯಂತ್ರಕ್ಕೂ ಕಂಟೇನರಿಗೂ ಇರುವ ಭೇದವನ್ನು ಹಳೆಯ ಬೆಂಗಳೂರಿನವರಿಗೆ ವಿವರಿಸುವುದು ಕಷ್ಟವಲ್ಲ. ಒಂದು ನಿವೇಶನದಲ್ಲಿ ಕಟ್ಟಿದ ಬೇರೆ ಬೇರೆ ಮನೆಗಳಂತೆ ವರ್ಚುಯಲ್ ಯಂತ್ರಗಳು. ಪ್ರತಿಯೊಂದಕ್ಕೂ ಸ್ವಂತ ಬಾವಿ, ಸ್ವಂತ ಬಾಗಿಲು. ಕಂಟೇನರುಗಳಾದರೋ ವಠಾರದ ಬಿಡಾರಗಳು. ಸಂಸಾರ ಬೇರೆ, ಬಾವಿ ಒಂದೇ. ವಠಾರದಲ್ಲಿ ಖರ್ಚು ಕಡಿಮೆ, ಮನೆಯಲ್ಲಿ ಮರೆ ಹೆಚ್ಚು. ಆದ್ದರಿಂದಲೇ ಅನೇಕ ಸಂಸ್ಥೆಗಳು ಎರಡನ್ನೂ ಕೂಡಿಸಿ, ಮನೆಗಳೊಳಗೆ ವಠಾರಗಳನ್ನು ಹೂಡುತ್ತವೆ.

ಕರ್ಣಧಾರ

ಸಾವಿರಾರು ಪೆಟ್ಟಿಗೆಗಳಾದ ಮೇಲೆ ಯಾವುದು ಎಲ್ಲಿರಬೇಕೆಂದು ನೋಡಿಕೊಳ್ಳುವವರು ಬೇಕಾಯಿತು. ಗೂಗಲ್ ಸಂಸ್ಥೆ ೨೦೧೪ರ ಜೂನಿನಲ್ಲಿ ಪ್ರಕಟಿಸಿ, ೨೦೧೫ರ ಜುಲೈಯಲ್ಲಿ ಮೊದಲ ಪೂರ್ಣ ಆವೃತ್ತಿಯೊಡನೆ ಸಾರ್ವಜನಿಕ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದ ತಂತ್ರಾಂಶವೇ ಕುಬರ್ನೆಟೀಸ್. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಚುಕ್ಕಾಣಿ ಹಿಡಿಯುವವನು ಎಂದರ್ಥ. ಅದೇ ಪದ ಲ್ಯಾಟಿನ್ನಿನಲ್ಲಿ ‘ಗುಬರ್ನಾಟರ್’ ಆಗಿ, ಇಂಗ್ಲಿಷಿನಲ್ಲಿ ‘ಗವರ್ನರ್’ ಆಗಿ ನಮ್ಮ ರಾಜಭವನದವರೆಗೂ ಬಂದಿದೆ. ೧೯೪೮ರಲ್ಲಿ ನಾರ್ಬರ್ಟ್ ವೀನರ್ ಹೆಸರಿಟ್ಟ ‘ಸೈಬರ್ನೆಟಿಕ್ಸ್’ ಶಾಸ್ತ್ರದ ಮೂಲವೂ ಇದೇ. ಕುಬರ್ನೆಟೀಸಿನ ಲಾಂಛನ ಏಳು ಕಡ್ಡಿಗಳ ಚುಕ್ಕಾಣಿ ಚಕ್ರ.

ನಮ್ಮಲ್ಲಿ ಇದಕ್ಕೆ ಸರಿಸಾಟಿಯಾದ ‘ಕರ್ಣಧಾರ’ ಎಂಬ ಪದವಿದೆ. ಕರ್ಣವೆಂದರೆ ಕಿವಿ ಮಾತ್ರವಲ್ಲ, ಚುಕ್ಕಾಣಿಯೂ ಹೌದು. ‘ಚುಕ್ಕಾಣಿ’ಯಾದರೋ ಅರಬ್ ನಾವಿಕರ ‘ಸುಕ್ಕಾನ್’ ಎಂಬ ಮಾತಿನಿಂದ ನಮ್ಮಲ್ಲಿಗೆ ಬಂದದ್ದು. ಬಂದರಿಗೆ ಬಂದ ಪದವನ್ನು ಕನ್ನಡ ಎಂದೂ ಹಿಂದಕ್ಕೆ ಕಳುಹಿಸಲಿಲ್ಲ. ತುಂಗಭದ್ರೆಯಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯನನ್ನು ಹನ್ನೆರಡನೆಯ ಶತಮಾನದಲ್ಲಿಯೇ ವಚನಕಾರನಾಗಿ ಗೌರವಿಸಿದ ನುಡಿ ನಮ್ಮದು.

ಕರ್ಣಧಾರನ ಕೆಲಸವೇನು? ಹೋಗಬೇಕಾದ ದಿಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು, ಗಾಳಿ ನೀರು ಹಡಗನ್ನು ಅತ್ತಿತ್ತ ಎಳೆದಂತೆಲ್ಲ ತಿದ್ದುತ್ತಿರುವುದು. ಕುಬರ್ನೆಟೀಸ್ ಮಾಡುವುದೂ ಅದನ್ನೇ. “ಈ ಕೆಲಸದ ಐದು ಪ್ರತಿಗಳು ಸದಾ ನಡೆಯುತ್ತಿರಲಿ” ಎಂದು ಅದಕ್ಕೆ ತಿಳಿಸಿದರೆ ಸಾಕು. ಇರುವ ಸ್ಥಿತಿಯನ್ನು ಬಯಸಿದ ಸ್ಥಿತಿಯೊಡನೆ ಹೋಲಿಸುತ್ತ, ಒಂದು ಪ್ರತಿ ಅಳಿದರೆ ಇನ್ನೊಂದನ್ನು ಹುಟ್ಟಿಸುತ್ತದೆ.

ಇದರ ಉಳಿದ ಪದಗಳೂ ಬಾಳಿನ ಪದಗಳೇ. ‘ಕ್ಲಸ್ಟರ್’ ಎಂದರೆ ಗೊಂಚಲು. ಒಂದಾಗಿ ದುಡಿಯುವ ಯಂತ್ರಗಳ ಗುಂಪು. ‘ನೋಡ್’ ಎಂದರೆ ಗಂಟು. ಗೊಂಚಲಿನ ಒಂದೊಂದು ಯಂತ್ರ. ಡಚ್ಚಿನಲ್ಲಿ ಇದು ‘ಕ್ನೋಪ್‌ಪುಂಟ್’. ಇಲ್ಲಿನ ಸೈಕಲ್ ದಾರಿಗಳಲ್ಲಿ ಸಂಖ್ಯೆ ಬರೆದ ಕ್ನೋಪ್‌ಪುಂಟ್‌ಗಳನ್ನು ಹಿಡಿದು ಊರೂರು ಸುತ್ತಿದವರಿಗೆ ಪದ ಪರಿಚಿತ. ‘ಪಾಡ್’ ಎಂದರೆ ಬಟಾಣಿ, ಅವರೆಗಳ ಕಾಯಿ; ಒಂದೇ ಸಿಪ್ಪೆಯೊಳಗೆ ಕಾಳುಗಳು ಕೂಡಿರುವಂತೆ, ಒಂದು ಅಥವಾ ಕೆಲವು ಕಂಟೇನರುಗಳು ಒಂದೇ ವಿಳಾಸವನ್ನು ಹಂಚಿಕೊಂಡು ಇರುತ್ತವೆ. ‘ಷೆಡ್ಯೂಲರ್’ ಯಾವ ಕಾಯಿ ಯಾವ ಗಂಟಿಗೆ ಎಂದು ನಿರ್ಧರಿಸುತ್ತದೆ; ಮದುವೆ ಮನೆಯಲ್ಲಿ ಪಂಕ್ತಿ ನೋಡಿ ಜನರನ್ನು ಕೂರಿಸುವ ಹಿರಿಯನ ಕೆಲಸ ಅದು. ‘ಡ್ರೈನ್’ ಎಂದರೆ ರಿಪೇರಿಗಾಗಿ ಒಂದು ಗಂಟಿನ ಕಾಯಿಗಳನ್ನೆಲ್ಲ ತೆರವು ಮಾಡುವುದು. ತಗ್ಗಿನ ಹೊಲದಿಂದ ನೀರೆತ್ತುವ ಈ ನಾಡಿಗೆ ಬಹಳ ಹತ್ತಿರದ ಮಾತು.

ಐವರಲ್ಲಿ ಮೂವರು

ಗೊಂಚಲಿನ ನೆನಪೆಲ್ಲ ‘ಎಟ್‌ಸಿಡಿ’ ಎಂಬ ದಫ್ತರದಲ್ಲಿರುತ್ತದೆ. ಈ ದಫ್ತರದ ಪ್ರತಿಗಳು ಮೂರೋ ಐದೋ ಯಂತ್ರಗಳಲ್ಲಿದ್ದು, ಬಹುಮತವಿಲ್ಲದೆ ಒಂದಕ್ಷರವೂ ಬದಲಾಗದು. ಈ ಒಮ್ಮತದ ವಿಧಾನಕ್ಕೆ ‘ರಾಫ್ಟ್’ ಎಂದರೆ ತೆಪ್ಪ ಎಂದು ಹೆಸರು. ೨೦೧೪ರಲ್ಲಿ ಡಿಯೆಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ಇದನ್ನು ಪ್ರಬಂಧರೂಪದಲ್ಲಿ ಪ್ರಕಟಿಸಿದರು. ಮೂವರಲ್ಲಿ ಒಬ್ಬರು, ಐವರಲ್ಲಿ ಇಬ್ಬರು ಗೈರುಹಾಜರಾದರೂ ಪಂಚಾಯಿತಿ ನಡೆಯುತ್ತದೆ. ನಾಲ್ವರಿದ್ದರೆ ಹೆಚ್ಚಿನ ಲಾಭವಿಲ್ಲ. ಬಹುಮತಕ್ಕೆ ಮೂವರು ಬೇಕಾಗುವುದರಿಂದ ಆಗಲೂ ಒಬ್ಬರ ಗೈರುಹಾಜರಿಯನ್ನು ಮಾತ್ರ ತಾಳಬಹುದು. ಈ ಬಹುಮತಕ್ಕೇ ‘ಕೋರಂ’ ಎಂದು ಹೆಸರು.

ವರ್ಚುಯಲ್ ಯಂತ್ರಗಳ ಮೇಲೆ ಕುಬರ್ನೆಟೀಸ್ ನಡೆಸುವಾಗ ಇಲ್ಲಿಯೇ ಅಪಾಯವಿರುವುದು. ಲೆಕ್ಕಕ್ಕೆ ಮೂರು ಯಂತ್ರಗಳಿದ್ದರೂ ಅವುಗಳಲ್ಲಿ ಎರಡು ಒಂದೇ ಕಬ್ಬಿಣದ ಪೆಟ್ಟಿಗೆಯೊಳಗಿದ್ದರೆ, ಆ ಪೆಟ್ಟಿಗೆ ಕೆಟ್ಟಾಗ ಕೋರಂ ಹೋಗುತ್ತದೆ. ಅದಕ್ಕಾಗಿ ‘ಆಂಟಿ-ಅಫಿನಿಟಿ’ ಎಂಬ ನಿಯಮ. ಇಂತಿಂಥವರು ಒಂದೇ ಸೂರಿನಡಿ ಇರಕೂಡದು ಎಂಬ ಕಟ್ಟಳೆ. ಇನ್ನೊಂದು ಅಪಾಯ ‘ಓವರ್‌ಕಮಿಟ್’. ನೂರು ಎಲೆಯ ಊಟಕ್ಕೆ ನೂರೈವತ್ತು ಮಂದಿಯನ್ನು ಕರೆದಂತೆ, ಹೈಪರ್‌ವೈಸರು ತನ್ನಲ್ಲಿರುವುದಕ್ಕಿಂತ ಹೆಚ್ಚು ಸ್ಮೃತಿಯನ್ನು ಹಂಚಿರುತ್ತದೆ. ಮೇಲಿರುವ ಷೆಡ್ಯೂಲರಿಗೆ ಈ ಗುಟ್ಟು ತಿಳಿಯದು. ಎಲ್ಲರೂ ಒಮ್ಮೆಗೇ ಎಲೆಯ ಮುಂದೆ ಕುಳಿತಾಗ ಲೆಕ್ಕ ತಪ್ಪುತ್ತದೆ.

ಚುಕ್ಕಾಣಿ ಯಾರ ಕೈಯಲ್ಲಿ?

ಈ ಪದಗಳ ಹಿಂದೆ ಅಧಿಕಾರದ ಪ್ರಶ್ನೆಯೂ ಇದೆ. ೨೦೨೩ರ ಏಪ್ರಿಲಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಕುಬರ್ನೆಟೀಸ್ ಸಮಾವೇಶಕ್ಕೆ ಹತ್ತು ಸಾವಿರ ಮಂದಿ ನೆರೆದಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡುಕೊಂಡಿತು. ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಪಡೆಯುವ ಪರವಾನಗಿಯ ಮಾರಾಟ ನಿಂತು ಚಂದಾ ಪದ್ಧತಿ ಬಂದಿತು. ೧೭೯೮ರಿಂದ ಈ ದೇಶದ ಏರಿ, ಕಾಲುವೆ, ಹೆದ್ದಾರಿಗಳನ್ನು ಕಾಯುತ್ತ ಬಂದಿರುವ ರೈಕ್ಸ್‌ವಾಟರ್‌ಸ್ಟಾಟ್ ಇಲಾಖೆಯೂ ಆ ತಂತ್ರಾಂಶವನ್ನು ನೆಚ್ಚಿತ್ತು. ವಿವಾದ ನ್ಯಾಯಾಲಯದ ಮೆಟ್ಟಲೇರಿತು. ಇಲಾಖೆ ಬೇರೆ ವ್ಯವಸ್ಥೆಗೆ ಬದಲಾಗುವವರೆಗೆ, ಗರಿಷ್ಠ ಎರಡು ವರ್ಷಗಳ ಕಾಲ, ನೆರವು ನೀಡಬೇಕೆಂದು ೨೦೨೫ರಲ್ಲಿ ಹೇಗ್ ನಗರದ ನ್ಯಾಯಾಲಯ ಬ್ರಾಡ್‌ಕಾಮ್‌ಗೆ ಆದೇಶವಿತ್ತಿತು. ಸಮುದ್ರವನ್ನೇ ತಡೆದು ನಿಲ್ಲಿಸಿದ ನಾಡು ತನ್ನ ಗಣಕಗಳ ಚುಕ್ಕಾಣಿಯನ್ನು ಪರರ ಕೈಗಿತ್ತ ಮೇಲೆ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು.

ಭಾಷೆಗೂ ಈ ಪಾಠ ಅನ್ವಯಿಸುತ್ತದೆ. ತನ್ನ ಕಾಲದ ಮುಖ್ಯ ವಿದ್ಯೆಯನ್ನು ತನ್ನ ಮಾತಿನಲ್ಲಿ ವಿವರಿಸಲಾರದ ಸಮಾಜ ಆ ವಿದ್ಯೆಯ ಬಾಡಿಗೆದಾರನಾಗಿ ಉಳಿಯುತ್ತದೆ. ಹಾಗೆಂದು ‘ಕುಬರ್ನೆಟೀಸ್’, ‘ಕಂಟೇನರ್’ ಎಂಬ ಹೆಸರುಗಳನ್ನು ಓಡಿಸಬೇಕೆಂದು ನಾನು ಹೇಳಲಾರೆ. ಡಚ್ಚರೂ ಅವನ್ನು ಹಾಗೆಯೇ ಬಳಸುತ್ತಾರೆ. ಹೆಸರು ಪರದೇಶದ್ದಾಗಿರಲಿ, ವಿವರಣೆ ನಮ್ಮದಾಗಿರಲಿ. ‘ಗಣಕ’ ಎಂಬ ಹಳೆಯ ಪದ ಒಂದು ಕಾಲಕ್ಕೆ ಲೆಕ್ಕ ಹಾಕುವ ಮನುಷ್ಯನನ್ನು ಸೂಚಿಸುತ್ತಿತ್ತು. ಅದೇ ಪದ ಯಂತ್ರಕ್ಕೆ ಸಲ್ಲುವಂತಾದದ್ದು ನಮ್ಮ ಕಣ್ಣೆದುರಿಗೇ ಅಲ್ಲವೇ? ಗೊಂಚಲು, ಗಂಟು, ಕಾಯಿ, ತೆಪ್ಪ, ಕರ್ಣಧಾರ ಎಂಬ ಮಾತುಗಳೂ ಹಾಗೆಯೇ ಹೊಸ ಅರ್ಥವನ್ನು ಹೊರಬಲ್ಲವು.

ಈ ಸಮ್ಮೇಳನಕ್ಕೆ ಬಂದಿರುವ ತಂತ್ರಜ್ಞ ಬಂಧುಗಳಲ್ಲಿ ಒಂದು ಕೋರಿಕೆ. ತಾವು ದಿನವೂ ಮಾಡುವ ಕೆಲಸವನ್ನು ಒಂದು ಪುಟದಲ್ಲಿ, ಊರಿನ ತಂದೆತಾಯಿಗಳಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯಿರಿ. ನಾವು ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಕತೆ ಕವಿತೆಗಳ ಜೊತೆಗೆ ಅದನ್ನೂ ಮಕ್ಕಳಿಗೆ ಓದಿಸುತ್ತೇವೆ. ಹಬ್ಬ, ಹಾಡು, ಹೋಳಿಗೆಗಳ ಭಾಷೆಯಾಗಿ ಮಾತ್ರ ಕನ್ನಡವನ್ನು ಬಲ್ಲ ಮಗು ದೊಡ್ಡದಾದ ಮೇಲೆ ಅದನ್ನು ಹಬ್ಬದ ದಿನ ಮಾತ್ರ ನೆನೆಯುತ್ತದೆ. ದುಡಿಮೆಯ ಮಾತೂ ಕನ್ನಡವೆಂದು ಕಂಡುಕೊಂಡ ಮಗು ಅದನ್ನು ದಿನವೂ ಆಡೀತು.

ಸಿರಿಗನ್ನಡಂ ಗೆಲ್ಗೆ.